ಗ್ರೈಂಡರು ಕಡಲು ದಾಟಿದಾಗ: ವೋಲ್ಟೇಜು ಮತ್ತು ಆವರ್ತನದ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಮನೆಯ ವಿದ್ಯುತ್ತಿಗೆ ಸಂಬಂಧಿಸಿದವು. ಒಂದೊಂದು ದೇಶದಲ್ಲಿ ಒಂದೊಂದು ವೋಲ್ಟೇಜು ಏಕೆ, 50 ಮತ್ತು 60 ಹರ್ಟ್ಸ್ ಎಂದರೇನು, ಇಲ್ಲಿಯ ಉಪಕರಣ ಅಲ್ಲಿ ನಡೆದೀತೇ ಎಂಬ ಪ್ರಶ್ನೆಗಳು ಒಂದರೊಡನೊಂದು ಹೆಣೆದುಕೊಂಡಿರುವುದರಿಂದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗುವಾಗ ಇಲ್ಲಿಂದ ಒಂದು ಮಿಕ್ಸಿ ಮತ್ತು ಒಂದು ಟೇಬಲ್ ಟಾಪ್ ಗ್ರೈಂಡರನ್ನು ಒಯ್ಯಬೇಕೆಂದಿದ್ದೇನೆ. ಅಲ್ಲಿ 110 ವೋಲ್ಟ್ ಇದೆಯಂತೆ. ಒಂದು ಟ್ರಾನ್ಸ್‌ಫಾರ್ಮರ್ ಕೊಂಡರೆ ಎರಡೂ ನಡೆಯುತ್ತವೆ ಎಂದು ಅಂಗಡಿಯವರು ಹೇಳುತ್ತಾರೆ. ನಂಬಬಹುದೇ?
— ಓದುಗರೊಬ್ಬರು, ಮೈಸೂರು

ಉತ್ತರ: ಅಂಗಡಿಯವರ ಮಾತು ಮಿಕ್ಸಿಯ ಮಟ್ಟಿಗೆ ಸರಿ, ಗ್ರೈಂಡರಿನ ಮಟ್ಟಿಗೆ ಸರಿಯಲ್ಲ.

ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಸ್‌ನ ಪರ್ಯಾಯ ವಿದ್ಯುತ್ತು. ಅಮೆರಿಕದಲ್ಲಿ ಅದು 120 ವೋಲ್ಟ್, 60 ಹರ್ಟ್ಸ್. 110 ಎನ್ನುವುದು ಹಳೆಯ ರೂಢಿಯ ಮಾತು. ಟ್ರಾನ್ಸ್‌ಫಾರ್ಮರು ಈ ಎರಡು ಅಂಕಿಗಳಲ್ಲಿ ಮೊದಲನೆಯದನ್ನು ಮಾತ್ರ ಬದಲಿಸಬಲ್ಲದು. 120ನ್ನು ಅದು 240 ಮಾಡಿಕೊಡುತ್ತದೆ, ಆದರೆ ಸೆಕೆಂಡಿಗೆ 120 ಸಲ ದಿಕ್ಕು ಬದಲಿಸಿ, ಎಂದರೆ 60 ಆವರ್ತ ಪೂರೈಸಿ ಒಳಗೆ ಹೋದ ವಿದ್ಯುತ್ತು ಸೆಕೆಂಡಿಗೆ 60 ಆವರ್ತ ಪೂರೈಸುತ್ತಲೇ ಹೊರಗೆ ಬರುತ್ತದೆ. ಅಂದರೆ ವೋಲ್ಟೇಜಿನ ಸಮಸ್ಯೆಯನ್ನು ಮನೆಯಲ್ಲೇ ಬಗೆಹರಿಸಿಕೊಳ್ಳಬಹುದು. ಆವರ್ತನವಾದರೋ ದೂರದ ವಿದ್ಯುದಾಗಾರದಲ್ಲಿ ತೀರ್ಮಾನವಾಗಿ ಬಂದದ್ದು, ಅದನ್ನು ಅಡುಗೆಮನೆಯ ಕಟ್ಟೆಯ ಮೇಲೆ ತಿದ್ದಲಾಗದು.

ಮಿಕ್ಸಿಯೊಳಗಿರುವುದು ಕಾರ್ಬನ್ ಬ್ರಷ್ ಇರುವ ಮೋಟಾರು. ಅದರ ವೇಗಕ್ಕೆ ವೋಲ್ಟೇಜು ಮತ್ತು ಹೊರೆ ಮುಖ್ಯವೇ ಹೊರತು ಆವರ್ತನವಲ್ಲ. ಈ ಬಗೆಯ ಮೋಟಾರು ಬ್ಯಾಟರಿಯ ನೇರ ವಿದ್ಯುತ್ತಿನಲ್ಲಿಯೂ ತಿರುಗೀತು. ಆದ್ದರಿಂದ 750 ವ್ಯಾಟಿನ ಮಿಕ್ಸಿಗೆ ಸುಮಾರು ಎರಡು ಪಟ್ಟು ಸಾಮರ್ಥ್ಯದ, ಎಂದರೆ 1500 ವೋಲ್ಟ್-ಆಂಪಿಯರಿನ ಟ್ರಾನ್ಸ್‌ಫಾರ್ಮರನ್ನು ಜೋಡಿಸಿದರೆ ಚಟ್ನಿ ಇಲ್ಲಿಯಂತೆಯೇ ಆಗುತ್ತದೆ. ಎರಡು ಪಟ್ಟು ಏಕೆಂದರೆ, ಗುಂಡಿ ತಿರುಗಿಸಿದ ಕ್ಷಣದಲ್ಲಿ ಮೋಟಾರು ಸೆಳೆಯುವ ಕರೆಂಟು ಅದರ ಮೇಲೆ ಬರೆದಿರುವುದಕ್ಕಿಂತ ಬಹಳ ಹೆಚ್ಚು. ಪ್ರಯಾಣಿಕರಿಗೆಂದು ಮಾರುವ ಹಗುರವಾದ ಕನ್ವರ್ಟರುಗಳಲ್ಲಿ ಕೆಲವು ಹೇರ್ ಡ್ರೈಯರಿನಂಥ ಕಾಯಿಸುವ ಉಪಕರಣಗಳಿಗಷ್ಟೇ ಮಾಡಿದವು. ಅವುಗಳನ್ನು ಮೋಟಾರಿಗೆ ಜೋಡಿಸಬಾರದು.

ಗ್ರೈಂಡರಿನಲ್ಲಿರುವುದು ಬ್ರಷ್ ಇಲ್ಲದ ಇಂಡಕ್ಷನ್ ಮೋಟಾರು. ಇದು ಆವರ್ತನದ ತಾಳಕ್ಕೆ ಹೆಜ್ಜೆ ಹಾಕುವ ಯಂತ್ರ. ಇಲ್ಲಿ ನಿಮಿಷಕ್ಕೆ ಸುಮಾರು 1400 ಸುತ್ತು ತಿರುಗುವ ಸಾಮಾನ್ಯ ನಾಲ್ಕು ಧ್ರುವದ ಮೋಟಾರು ಅಲ್ಲಿ ಸುಮಾರು 1700 ಸುತ್ತು ತಿರುಗುತ್ತದೆ, ಕಲ್ಲೂ ಅದೇ ಪ್ರಮಾಣದಲ್ಲಿ ವೇಗವಾಗುತ್ತದೆ. ಕಲ್ಲು ನಿಧಾನವಾಗಿ ತಿರುಗಿ ಹಿಟ್ಟು ಬಿಸಿಯಾಗದಂತೆ ರುಬ್ಬುವುದೇ ಗ್ರೈಂಡರಿನ ಹೆಚ್ಚುಗಾರಿಕೆ. ಅದಕ್ಕೇ ಇಲ್ಲಿ ಕುಂದು ಬರುತ್ತದೆ. ವೇಗ ಹೆಚ್ಚಿದ ಹೊತ್ತಿನಲ್ಲೇ ಮೋಟಾರಿನ ತಿರುಚುವ ಬಲ ಕಾಲು ಭಾಗದಷ್ಟು ತಗ್ಗುವುದು ಇನ್ನೊಂದು ತೊಡಕು. ಒಳಗಿನ ಕೆಪಾಸಿಟರನ್ನೂ 50 ಹರ್ಟ್ಸ್‌ಗೆ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಹಾಗಾಗಿ ಗಟ್ಟಿ ಉದ್ದಿನ ಹಿಟ್ಟು ತುಂಬಿರುವಾಗ ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ಮೋಟಾರು ಗುಂಯ್‌ಗುಟ್ಟಿ ಬಿಸಿಯಾಗುವ ಸಂಭವ ಇಲ್ಲಿಗಿಂತ ಹೆಚ್ಚು. ಹೀಗೆ ಜೋಡಿಸಿಕೊಂಡು ವರ್ಷಗಟ್ಟಲೆ ದೋಸೆ ಮಾಡಿದ ಮನೆಗಳೂ ಇವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಅಷ್ಟು ತೂಕದ ಕಲ್ಲನ್ನು ವಿಮಾನದಲ್ಲಿ ಹೊತ್ತೊಯ್ಯುವ ಶ್ರಮಕ್ಕೆ ತಕ್ಕ ಫಲ ಸಿಗಬೇಕಾದರೆ, ಅಮೆರಿಕಕ್ಕೆಂದೇ 110 ವೋಲ್ಟ್, 60 ಹರ್ಟ್ಸ್‌ಗೆ ತಯಾರಿಸಿದ ಗ್ರೈಂಡರನ್ನೇ ಕೊಳ್ಳುವುದು ಲೇಸು. ನಮ್ಮ ತಯಾರಕರೇ ಅಂಥವನ್ನು ಮಾಡುತ್ತಾರೆ.

ನೀವು ಕೇಳದಿದ್ದರೂ ಒಂದು ಎಚ್ಚರಿಕೆ. ಅಮೆರಿಕದ ಮನೆಗಳಲ್ಲಿ ಬಟ್ಟೆ ಒಣಗಿಸುವ ಯಂತ್ರಕ್ಕೆಂದು 240 ವೋಲ್ಟಿನ ಸಾಕೆಟ್ ಇರುತ್ತದೆ. ಅಳಿಯಂದಿರು ಉತ್ಸಾಹದಿಂದ ಅದಕ್ಕೇ ನಮ್ಮ ಗ್ರೈಂಡರನ್ನು ಜೋಡಿಸಲು ಹೊರಟರೆ ತಡೆಯಿರಿ. ನಮ್ಮ ಸಾಕೆಟಿನಲ್ಲಿ ಒಂದು ತಂತಿ ಫೇಸ್, ಇನ್ನೊಂದು ನ್ಯೂಟ್ರಲ್. ಅಲ್ಲಿ ಆ 240 ಸಿಗುವುದು ತಲಾ 120 ವೋಲ್ಟಿನ ಎರಡು ಜೀವಂತ ತಂತಿಗಳ ನಡುವೆ. ಗ್ರೈಂಡರಿನ ಒಂದೇ ಕಂಬಿಯ ಸ್ವಿಚ್ಚನ್ನು ಆರಿಸಿದ ಮೇಲೂ ಒಳಗಿನ ಒಂದು ತಂತಿಯಲ್ಲಿ ಕರೆಂಟು ಉಳಿದಿರುತ್ತದೆ. 60 ಹರ್ಟ್ಸ್‌ನ ತೊಂದರೆಯಂತೂ ಇದ್ದೇ ಇರುತ್ತದೆ.

ಮೊಬೈಲು ಮತ್ತು ಲ್ಯಾಪ್‌ಟಾಪ್ ಚಾರ್ಜರಿನ ಚಿಂತೆ ಬೇಡ. ಅದರ ಮೇಲೆ 100–240 ವೋಲ್ಟ್, 50/60 ಹರ್ಟ್ಸ್ ಎಂದು ಬರೆದಿದ್ದರೆ ಪಿನ್ನಿನ ಆಕಾರ ಬದಲಿಸುವ ಅಡಾಪ್ಟರು ಸಾಕು.

ಪ್ರಶ್ನೆ: ಜಪಾನಿನಲ್ಲಿ 100 ವೋಲ್ಟ್, ಅಮೆರಿಕದಲ್ಲಿ 120, ನಮ್ಮಲ್ಲಿ 230. ಒಂದೆಡೆ 50 ಹರ್ಟ್ಸ್, ಇನ್ನೊಂದೆಡೆ 60. ವೈಜ್ಞಾನಿಕವಾಗಿ ಯಾವುದೋ ಒಂದು ಉತ್ತಮವಾಗಿರಲೇಬೇಕಲ್ಲವೇ? ಹಾಗಿದ್ದರೆ ಜಗತ್ತೆಲ್ಲ ಅದನ್ನೇ ಏಕೆ ಒಪ್ಪಿಕೊಳ್ಳಲಿಲ್ಲ?
— ಪಿಯುಸಿ ವಿದ್ಯಾರ್ಥಿ, ಧಾರವಾಡ

ಉತ್ತರ: ಈ ಅಂಕಿಗಳು ಪ್ರಯೋಗಾಲಯದಲ್ಲಿ ಹುಟ್ಟಿದವಲ್ಲ. ಯಾವ ಊರಿಗೆ ಯಾವ ಕಂಪನಿಯ ಯಂತ್ರ ಮೊದಲು ಬಂತು, ಅದಕ್ಕೆ ತಕ್ಕ ಬಲ್ಬುಗಳನ್ನು ಎಷ್ಟು ಜನ ಕೊಂಡಿದ್ದರು ಎಂಬುದರಿಂದ ನಿಂತವು.

1882ರಲ್ಲಿ ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ವಿದ್ಯುದಾಗಾರ ಆರಂಭಿಸಿದಾಗ ಪೂರೈಸಿದ್ದು ಸುಮಾರು 110 ವೋಲ್ಟಿನ ನೇರ ವಿದ್ಯುತ್ತು. ಅಂದಿನ ಕಾರ್ಬನ್ ಎಳೆಯ ಬಲ್ಬು ಬಾಳಿಕೆ ಬರುವಂತೆ ಉರಿಯಲು ನೂರರ ಆಸುಪಾಸಿನ ವೋಲ್ಟೇಜು ಅನುಕೂಲವಾಗಿತ್ತು, ತಂತಿಯಲ್ಲಿ ಸೋರಿಹೋಗುವುದನ್ನು ತುಂಬಿಕೊಡಲು ಸ್ವಲ್ಪ ಸೇರಿಸಿದ್ದರು. ತಾಮ್ರ ಉಳಿಸಲು ಎಡಿಸನ್ನರೇ ಮೂರು ತಂತಿಗಳ ಏರ್ಪಾಟು ಮಾಡಿದರು: ನಡುವಿನ ತಂತಿಯಿಂದ ಎರಡೂ ಕಡೆಗೆ 110, ಹೊರಗಿನ ಎರಡರ ನಡುವೆ 220. ಮೈಸೂರಿನ ಓದುಗರಿಗೆ ಮೇಲೆ ಹೇಳಿದ 120–240ರ ವ್ಯವಸ್ಥೆ ಅದರದೇ ಮುಂದುವರಿದ ರೂಪ. ನೇರ ವಿದ್ಯುತ್ತು ಹೋಗಿ ಪರ್ಯಾಯ ವಿದ್ಯುತ್ತು ಬಂದರೂ ಬಲ್ಬಿನ ಅಂಕಿ ಉಳಿಯಿತು.

ಯುರೋಪು ಇಲ್ಲಿಯೇ ಬೇರೆ ದಾರಿ ಹಿಡಿಯಿತು. 1899ರಲ್ಲಿ ಬರ್ಲಿನ್ನಿನ ವಿದ್ಯುತ್ ಕಂಪನಿ ತನ್ನ ಗ್ರಾಹಕರನ್ನು 220 ವೋಲ್ಟಿಗೆ ಬದಲಿಸಲು ನಿರ್ಧರಿಸಿತು. ಗ್ರಾಹಕರ ಉಪಕರಣಗಳನ್ನು ಬದಲಿಸಿಕೊಡುವ ಖರ್ಚು ತಾಮ್ರದ ಉಳಿತಾಯದಲ್ಲೇ ಹೊರಟುಹೋಗುತ್ತದೆ ಎಂಬುದು ಅದರ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಅಷ್ಟೇ ಶಕ್ತಿಯನ್ನು ಎರಡು ಪಟ್ಟು ವೋಲ್ಟೇಜಿನಲ್ಲಿ ಕಳಿಸಿದರೆ ಕರೆಂಟು ಅರ್ಧವಾಗುತ್ತದೆ, ಅದೇ ತಂತಿಯಲ್ಲಿ ಆಗುವ ನಷ್ಟ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಅಮೆರಿಕದಲ್ಲಿ ವಿದ್ಯುತ್ತು ಬೇಗ ಹರಡಿ ಮನೆಮನೆಯಲ್ಲೂ ಉಪಕರಣ ತುಂಬಿದ್ದರಿಂದ ಆ ಹೆಜ್ಜೆ ಇಡುವುದು ಕಷ್ಟವಾಯಿತು. ಮೊದಲು ಓಡಿದವರು ಹಳೆಯ ಅಂಕಿಗೆ ಸಿಕ್ಕಿಕೊಂಡರು.

ಆವರ್ತನದ ಕಥೆ ಇನ್ನೂ ಗೋಜಲು. 1890ರ ದಶಕದಲ್ಲಿ 25ರಿಂದ 133ರವರೆಗೆ ಹತ್ತಾರು ಬಗೆ ಬಳಕೆಯಲ್ಲಿದ್ದವು. ಹೆಚ್ಚಿನ ಆವರ್ತನ ದೀಪಗಳಿಗೆ ಒಪ್ಪುತ್ತಿತ್ತು, ಮೋಟಾರುಗಳಿಗೆ ಒಪ್ಪುತ್ತಿರಲಿಲ್ಲ. ಕಡಿಮೆ ಆವರ್ತನ ದೊಡ್ಡ ಮೋಟಾರುಗಳಿಗೆ ಹಿತವಾಗಿದ್ದರೂ ದೀಪ ಮಿನುಗುತ್ತಿತ್ತು. ನಯಾಗರಾದಲ್ಲಿ 25 ಹರ್ಟ್ಸ್ ಬಂದದ್ದು, ಅಲ್ಲಿ ನಿಮಿಷಕ್ಕೆ 250 ಸುತ್ತಿನ ಟರ್ಬೈನುಗಳು ಮೊದಲೇ ಗೊತ್ತಾಗಿದ್ದು ಅವುಗಳಿಗೆ 12 ಧ್ರುವದ ಜನರೇಟರು ಹೊಂದಿದ್ದರಿಂದ. ದೀಪವೂ ಮೋಟಾರೂ ಒಂದೇ ತಂತಿಯಲ್ಲಿ ಬಾಳಬೇಕೆಂದಾಗ ಅಮೆರಿಕದ ವೆಸ್ಟಿಂಗ್‌ಹೌಸ್ 60ಕ್ಕೆ ನಿಂತಿತು, ಜರ್ಮನಿಯ ಎಇಜಿ 50ಕ್ಕೆ. ಎರಡೂ ಪ್ರಾಯೋಗಿಕ ರಾಜಿಗಳೇ. 60ರಲ್ಲಿ ಟ್ರಾನ್ಸ್‌ಫಾರ್ಮರಿಗೆ ಸ್ವಲ್ಪ ಕಡಿಮೆ ಕಬ್ಬಿಣ ಸಾಕು, 50ರಲ್ಲಿ ದೂರದ ಮಾರ್ಗಗಳ ವೋಲ್ಟೇಜು ಕುಸಿತ ಸ್ವಲ್ಪ ಕಡಿಮೆ. ಒಂದರ ಗೆಲುವನ್ನು ಸಾರುವಷ್ಟು ದೊಡ್ಡ ಅಂತರ ಇದಲ್ಲ. 1918ರಲ್ಲಿ ಲಂಡನ್ ನಗರವೊಂದರಲ್ಲೇ ಹತ್ತು ಬೇರೆ ಬೇರೆ ಆವರ್ತನಗಳಿದ್ದವು ಎಂದರೆ ಅಂದಿನ ಪರಿಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಆಮೇಲೆ ಬ್ರಿಟನ್ನು 50ಕ್ಕೆ ಬಂತು, ಬ್ರಿಟಿಷರ ಆಳ್ವಿಕೆಯಲ್ಲಿದ್ದ ನಾವೂ ಬಂದೆವು.

ಇದೆಲ್ಲದರ ಅತ್ಯಂತ ವಿಚಿತ್ರ ಉದಾಹರಣೆ ಜಪಾನು. ಟೋಕಿಯೋದವರು 1895ರಲ್ಲಿ ಜರ್ಮನಿಯ ಎಇಜಿಯಿಂದ 50 ಹರ್ಟ್ಸ್‌ನ ಜನರೇಟರುಗಳನ್ನು ತರಿಸಿದರು, ಒಸಾಕಾದವರು ಮರುವರ್ಷ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಿಂದ 60 ಹರ್ಟ್ಸ್‌ನವನ್ನು. ಆ ಎರಡು ಖರೀದಿಗಳ ಗೆರೆ ಇಂದಿಗೂ ಅಳಿಸಿಲ್ಲ. ಫುಜಿ ನದಿಯಿಂದ ಇತೊಯಿಗಾವಾವರೆಗೆ ದೇಶವನ್ನು ಸೀಳುವ ಆ ಗೆರೆಯ ಪೂರ್ವಕ್ಕೆ 50, ಪಶ್ಚಿಮಕ್ಕೆ 60. ವೋಲ್ಟೇಜು ಮಾತ್ರ ಎರಡೂ ಕಡೆ 100. ಹಿಂದೆಲ್ಲ ಟೋಕಿಯೋದಿಂದ ಒಸಾಕಾಕ್ಕೆ ಮನೆ ಬದಲಿಸುವವರು ಬಟ್ಟೆ ಒಗೆಯುವ ಯಂತ್ರ, ಮೈಕ್ರೊವೇವ್‌ಗಳು ಹೊಸ ಊರಿಗೆ ಹೊಂದುತ್ತವೆಯೇ ಎಂದು ನೋಡಿಕೊಳ್ಳಬೇಕಿತ್ತು. ಆ ಎರಡು ನಗರಗಳನ್ನು ಜೋಡಿಸುವ ಶಿಂಕಾನ್‌ಸೆನ್ ರೈಲು ಉದ್ದಕ್ಕೂ 60 ಹರ್ಟ್ಸ್‌ನಲ್ಲೇ ಓಡುವುದರಿಂದ ಟೋಕಿಯೋ ಕಡೆಯ ಭಾಗಕ್ಕೆ ಆವರ್ತನವನ್ನು ಪರಿವರ್ತಿಸಿ ಕೊಡಬೇಕಾಗಿದೆ. 2011ರ ಮಾರ್ಚಿನಲ್ಲಿ ಭೂಕಂಪ ಮತ್ತು ಸುನಾಮಿಯಿಂದ ಫುಕುಶಿಮಾ ಸೇರಿ ಪೂರ್ವದ ಹಲವು ವಿದ್ಯುದಾಗಾರಗಳು ನಿಂತಾಗ ಈ ಗೆರೆ ಅನನುಕೂಲದ ಮಟ್ಟವನ್ನು ಮೀರಿತು. ಪಶ್ಚಿಮದಲ್ಲಿ ಕೊಡಲು ವಿದ್ಯುತ್ತು ಇದ್ದರೂ ಗೆರೆ ದಾಟಿಸುವ ಪರಿವರ್ತಕಗಳ ಒಟ್ಟು ಸಾಮರ್ಥ್ಯ ಸುಮಾರು ಹತ್ತು ಲಕ್ಷ ಕಿಲೋವಾಟ್ ಮಾತ್ರ. ಟೋಕಿಯೋ ಸುತ್ತಲಿನ ಪ್ರದೇಶಗಳು ಸರದಿಯ ಮೇಲೆ ಕತ್ತಲಲ್ಲಿ ಕುಳಿತವು.

ಹಾಗಾದರೆ ಬದಲಿಸಲು ಸಾಧ್ಯವೇ ಇಲ್ಲವೇ? ವೋಲ್ಟೇಜನ್ನು ಬದಲಿಸಿದವರಿದ್ದಾರೆ. ದಕ್ಷಿಣ ಕೊರಿಯಾ 1973ರಲ್ಲಿ ಆರಂಭಿಸಿ 2005ರ ಹೊತ್ತಿಗೆ 110ರಿಂದ 220ಕ್ಕೆ ಬಂದಿತು. ಮೂರು ದಶಕ ಹಿಡಿಯಿತು, ಆಗಲೂ 60 ಹರ್ಟ್ಸನ್ನು ಮುಟ್ಟಲಿಲ್ಲ. ಯುರೋಪು ಕಂಡುಕೊಂಡ ಉಪಾಯ ಮದುವೆ ಮಾತುಕತೆಯ ರಾಜಿಯಂಥದು. ಬ್ರಿಟನ್ನಿನದು 240, ಉಳಿದವರದು 220. ಎಲ್ಲರೂ 230 ಎಂದು ಬರೆದುಕೊಂಡು, ಏರಿಳಿತಕ್ಕೆ ಬಿಟ್ಟ ಅಂತರವನ್ನು ಎರಡೂ ಕಡೆಯವರು ಒಳಗೆ ಬೀಳುವಂತೆ ಹಿಗ್ಗಿಸಿದರು. ಬ್ರಿಟನ್ನಿನ ಸಾಕೆಟಿನಲ್ಲಿ ಮೀಟರು ಇಟ್ಟು ನೋಡಿದರೆ ಹಲವೆಡೆ ಇಂದಿಗೂ 240ರ ಹತ್ತಿರವೇ ತೋರಿಸುತ್ತದೆ. ಬ್ರೆಜಿಲಿನಲ್ಲಂತೂ ಒಂದೇ ದೇಶದೊಳಗೆ ಕೆಲವು ಊರುಗಳಿಗೆ 127, ಕೆಲವಕ್ಕೆ 220. ಅಲ್ಲಿ ಊರು ಬದಲಿಸುವವರು ಉಪಕರಣದ ಹಿಂಬದಿಯ ಚೀಟಿಯನ್ನು ಓದಲೇಬೇಕು.

ಪ್ರಶ್ನೆ: ಕೆ.ಜಿ.ಎಫ್. ಗಣಿಯಲ್ಲಿ ಕೆಲಸ ಮಾಡಿದ ನಮ್ಮ ತಾತನವರು "ಅಲ್ಲಿದ್ದದ್ದು 25 ಸೈಕಲ್ ಕರೆಂಟು" ಎನ್ನುತ್ತಿದ್ದರು. ಅದರ ಅರ್ಥವೇನು?
— ಓದುಗರೊಬ್ಬರು, ಬಂಗಾರಪೇಟೆ

ಉತ್ತರ: ನಿಮ್ಮ ತಾತನವರ ನೆನಪು ಸರಿಯಾಗಿದೆ. ಸೈಕಲ್ ಎಂದರೆ ಇಂದಿನ ಹರ್ಟ್ಸ್. ದಿವಾನ್ ಶೇಷಾದ್ರಿ ಅಯ್ಯರ್ ಅವರ ಮುತುವರ್ಜಿಯಿಂದ ಕೈಗೊಂಡ ಶಿವನಸಮುದ್ರದ ಯೋಜನೆ 1902ರಲ್ಲಿ ಕೋಲಾರದ ಗಣಿಗಳಿಗೆ ವಿದ್ಯುತ್ತು ಕೊಡಲಾರಂಭಿಸಿದಾಗ ಅದು 25 ಸೈಕಲ್ಲಿನದೇ ಆಗಿತ್ತು. ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು; ನಯಾಗರಾದ ಮಾದರಿ ಆಗಿನ್ನೂ ಹೊಸದಾಗಿತ್ತು, ಗಣಿಯ ಭಾರಿ ಮೋಟಾರುಗಳಿಗೆ ಕಡಿಮೆ ಆವರ್ತನ ಹೊಂದುತ್ತಿತ್ತು. ಸುಮಾರು 147 ಕಿಲೋಮೀಟರ್ ಉದ್ದದ ಆ ಮಾರ್ಗ ಅಂದಿನ ಜಗತ್ತಿನ ಅತಿ ಉದ್ದದ ಮಾರ್ಗಗಳಲ್ಲೊಂದು. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು ಮೂರು ವರ್ಷಗಳ ಬಳಿಕ, 1905ರಲ್ಲಿ. ಚಿನ್ನಕ್ಕೆ ಮೊದಲು, ನಗರಕ್ಕೆ ಆಮೇಲೆ. 25 ಸೈಕಲ್ಲಿನಲ್ಲಿ ಬಲ್ಬಿನ ಬೆಳಕು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ತೆಳು ಎಳೆಯ ಸಣ್ಣ ಬಲ್ಬಾದರೆ ಆ ಮಿನುಗು ಕಣ್ಣಿಗೆ ತಾಗುತ್ತದೆ. 50 ಸೈಕಲ್ಲಿನಲ್ಲಿ ಸೆಕೆಂಡಿಗೆ 100 ಏರಿಳಿತ ಇರುವುದರಿಂದ ಕಣ್ಣಿಗೆ ಗೊತ್ತಾಗುವುದಿಲ್ಲ.

ಪ್ರಶ್ನೆ: ನಮ್ಮ ಹಳ್ಳಿಯಲ್ಲಿ ಪಂಪ್‌ಸೆಟ್ಟುಗಳು ಓಡುವ ಹೊತ್ತಿನಲ್ಲಿ ಮನೆಯ ವೋಲ್ಟೇಜು 170ಕ್ಕೆ ಇಳಿಯುತ್ತದೆ. ಆದರೆ ಲೈನ್‌ಮನ್ ಮೀಟರು ಹಿಡಿದು ನೋಡಿ "50 ಹರ್ಟ್ಸ್ ಸರಿಯಾಗಿದೆ" ಎಂದರು. ಒಂದು ಕುಸಿದಾಗ ಇನ್ನೊಂದು ಏಕೆ ಕುಸಿಯುವುದಿಲ್ಲ? ಸ್ಟೆಬಿಲೈಸರ್ ಹಾಕಿದರೆ ಪರಿಹಾರವೇ?
— ರೈತರೊಬ್ಬರು, ಶಿರಾ

ಉತ್ತರ: ವೋಲ್ಟೇಜು ನಿಮ್ಮ ಊರಿನ ಸಂಗತಿ, ಆವರ್ತನ ಇಡೀ ದೇಶದ ಸಂಗತಿ.

ಟೀಸಿಯಿಂದ (ಊರಿನ ಟ್ರಾನ್ಸ್‌ಫಾರ್ಮರಿನಿಂದ) ನಿಮ್ಮ ಮನೆಗೆ ಬರುವ ತಂತಿ ಉದ್ದವಾದಷ್ಟೂ, ದಾರಿಯಲ್ಲಿ ಮೋಟಾರುಗಳು ಎಳೆಯುವ ಕರೆಂಟು ಹೆಚ್ಚಿದಷ್ಟೂ ವೋಲ್ಟೇಜು ದಾರಿಯಲ್ಲೇ ಕರಗುತ್ತದೆ. ಕಾಲುವೆಯ ತುದಿಯ ಹೊಲಕ್ಕೆ ನೀರು ಸಣ್ಣಗೆ ಬಂದಂತೆ. ನಿಯಮದಂತೆ ಅದು 230ರ ಆಸುಪಾಸಿನಲ್ಲೇ ಇರಬೇಕು. 170 ಎಂಬುದು ಖಂಡಿತವಾಗಿಯೂ ದೂರು ಕೊಡಬಹುದಾದ ಅಂಕಿ.

ಆವರ್ತನ ಹಾಗಲ್ಲ. ಅದು ಜನರೇಟರುಗಳು ತಿರುಗುವ ವೇಗ. ಜಾಲಕ್ಕೆ ಸೇರಿದ ಜನರೇಟರುಗಳೆಲ್ಲ ತೇರಿನ ಒಂದೇ ಮಿಣಿಯನ್ನು ಹಿಡಿದವರಂತೆ ಒಟ್ಟಿಗೇ ನಡೆಯಬೇಕು. ಒಬ್ಬರು ಮಾತ್ರ ಮುಂದೆ ಓಡಲಾಗದು, ಒಬ್ಬರು ಮಾತ್ರ ಹಿಂದೆ ಉಳಿಯಲಾಗದು. ದೇಶದ ಒಟ್ಟು ಬೇಡಿಕೆ ಉತ್ಪಾದನೆಯನ್ನು ಮೀರಿದರೆ ತೇರೇ ನಿಧಾನವಾಗುತ್ತದೆ, ಆಗ ಶಿರಾದಲ್ಲೂ ಶಿಮ್ಲಾದಲ್ಲೂ ಆವರ್ತನ ಒಂದೇ ಪ್ರಮಾಣದಲ್ಲಿ ಇಳಿಯುತ್ತದೆ. ಅದು 49.90ರಿಂದ 50.05ರೊಳಗೆ ಇರಬೇಕೆಂಬುದು ನಮ್ಮ ಜಾಲದ ನಿಯಮ. ದಕ್ಷಿಣ ಭಾರತ ಈ ತೇರಿಗೆ ಕೈಹಚ್ಚಿದ್ದು ತೀರಾ ಈಚೆಗೆ, 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗದ ಮೂಲಕ. ಅಲ್ಲಿಯವರೆಗೆ ನಮ್ಮದು ಪ್ರತ್ಯೇಕ ತೇರು; ತಾಲ್ಚೇರ್–ಕೋಲಾರದಂಥ ನೇರ ವಿದ್ಯುತ್ತಿನ ಕೊಂಡಿಗಳಿಂದ ಹೊರಗಿನ ವಿದ್ಯುತ್ತು ಬರುತ್ತಿತ್ತೇ ಹೊರತು ಆವರ್ತನ ಬೇರೆಯೇ ಇತ್ತು.

ಸ್ಟೆಬಿಲೈಸರಿನ ಬಗ್ಗೆ: ಫ್ರಿಜ್ಜು, ಟೀವಿಗೆ ಹಾಕಿಕೊಳ್ಳಿ, ತಪ್ಪಿಲ್ಲ. ಆದರೆ ಅದು ವೋಲ್ಟೇಜನ್ನು ಸೃಷ್ಟಿಸುವುದಿಲ್ಲ. ಆಚೆ ಹೆಚ್ಚು ಕರೆಂಟು ಎಳೆದು ಈಚೆ ಹೆಚ್ಚು ವೋಲ್ಟೇಜು ಕೊಡುತ್ತದೆ. ತುದಿಯ ಹತ್ತು ಮನೆಯವರೂ ಹಾಕಿಸಿದರೆ ತಂತಿಯಲ್ಲಿ ಕರೆಂಟು ಇನ್ನಷ್ಟು ಹೆಚ್ಚಿ ವೋಲ್ಟೇಜು ಇನ್ನಷ್ಟು ಇಳಿಯುತ್ತದೆ. ನಿಜವಾದ ಪರಿಹಾರ ಹತ್ತಿರದಲ್ಲೊಂದು ಟೀಸಿ ಅಥವಾ ದಪ್ಪನೆಯ ತಂತಿ. ಒಂದು ಮಾತು ಮರೆಯಬೇಡಿ: 230ರ ಜಾಗದಲ್ಲಿ 170 ಇದ್ದಾಗ ಇಂಡಕ್ಷನ್ ಮೋಟಾರಿನ ತಿರುಚುವ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನೀರೆತ್ತುವ ಹೊರೆ ಮಾತ್ರ ಅಷ್ಟೇ ಇರುವುದರಿಂದ ಮೋಟಾರು ಹೆಚ್ಚು ಕರೆಂಟು ಎಳೆದು ಕಾಯುತ್ತದೆ. ರಿವೈಂಡಿಂಗ್ ಅಂಗಡಿಗೆ ಮತ್ತೆ ಮತ್ತೆ ಹೋಗುವ ಮೋಟಾರುಗಳಲ್ಲಿ ಹಲವು ಹೀಗೆ ಸುಟ್ಟವು.

ಪ್ರಶ್ನೆ: ನನ್ನ ತಮ್ಮ ಅಮೆರಿಕದಿಂದ ತಂದ ಹೇರ್ ಡ್ರೈಯರಿಗೆ ಅಡಾಪ್ಟರ್ ಹಾಕಿ ಜೋಡಿಸಿದೆ. ಕ್ಷಣದಲ್ಲೇ ಹೊಗೆ ಬಂದು ಸುಟ್ಟುಹೋಯಿತು. ಅಡಾಪ್ಟರ್ ಕೆಟ್ಟದ್ದಿತ್ತೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಅಡಾಪ್ಟರಿನ ತಪ್ಪಲ್ಲ, ಅದು ಬದಲಿಸುವುದು ಪಿನ್ನಿನ ಆಕಾರವನ್ನು ಮಾತ್ರ. ಕಾಯಿಸುವ ತಂತಿಯ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 120 ವೋಲ್ಟಿನಲ್ಲಿ 1500 ವ್ಯಾಟ್ ಇರುವ ಡ್ರೈಯರು 230ರಲ್ಲಿ 5500 ವ್ಯಾಟಿನಷ್ಟು ಎಳೆಯಲು ಹೊರಡುತ್ತದೆ. ಇದೇ ಲೆಕ್ಕವನ್ನು ತಿರುಗಿಸಿದರೆ ನಮ್ಮ 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಅಲ್ಲಿ ಸುಮಾರು 270 ವ್ಯಾಟಿಗೆ ಇಳಿದು, ಸುಡುವ ಬದಲು ಉಗುರುಬೆಚ್ಚಗೆ ಕುಳಿತಿರುತ್ತದೆ.

ಪ್ರಶ್ನೆ: 120 ವೋಲ್ಟ್ ನಮ್ಮದಕ್ಕಿಂತ ಸುರಕ್ಷಿತವೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ಹೊಡೆತದ ಮಟ್ಟಿಗೆ ಸ್ವಲ್ಪ ಸುರಕ್ಷಿತ, ಒದ್ದೆ ಕೈಗೆ ಎರಡೂ ಪ್ರಾಣಾಂತಿಕವಾಗಬಲ್ಲವು. ಇನ್ನೊಂದೆಡೆ ಅಷ್ಟೇ ಶಕ್ತಿಗೆ 120ರಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಕರೆಂಟು ಹರಿಯುವುದರಿಂದ ಸಡಿಲವಾದ ಜೋಡಣೆಗಳು ಹೆಚ್ಚು ಕಾಯುತ್ತವೆ. ವೋಲ್ಟೇಜಿನ ಅಂಕಿಗಿಂತ ನಿಮ್ಮ ಮನೆಯಲ್ಲಿ ಸರಿಯಾದ ಅರ್ಥಿಂಗ್ ಮತ್ತು 30 ಮಿಲಿಆಂಪಿಯರ್ ಕರೆಂಟು ಸೋರಿದರೆ ತಾನಾಗಿ ಸಂಪರ್ಕ ಕಡಿಯುವ ಆರ್‌ಸಿಸಿಬಿ ಇದೆಯೇ ಎಂಬುದು ಮುಖ್ಯ.

ಪ್ರಶ್ನೆ: ದಮ್ಮಾಮಿನಿಂದ ದುಬೈಗೆ ಕೆಲಸ ಬದಲಿಸಿದೆ. ಜೊತೆಗೆ ತಂದ ಹಳೆಯ ಕ್ಲಾಕ್ ರೇಡಿಯೊ ಪ್ಲಗ್ಗು ಹಾಕಿದರೆ ಚೆನ್ನಾಗಿ ಹಾಡುತ್ತದೆ, ಆದರೆ ಗಡಿಯಾರ ದಿನಕ್ಕೆ ಗಂಟೆಗಟ್ಟಲೆ ಹಿಂದೆ ಬೀಳುತ್ತದೆ. ಕೆಟ್ಟಿದೆಯೇ?
— ಅನಿವಾಸಿ ಓದುಗರೊಬ್ಬರು, ದುಬೈ

ಉತ್ತರ: ಕೆಟ್ಟಿಲ್ಲ, ಲೆಕ್ಕ ತಪ್ಪುತ್ತಿದೆ ಅಷ್ಟೇ. ಸೌದಿ ಅರೇಬಿಯಾದಲ್ಲಿ 60 ಹರ್ಟ್ಸ್, ಅದರ ಸುತ್ತಲಿನ ಕೊಲ್ಲಿ ರಾಷ್ಟ್ರಗಳಲ್ಲಿ 50. ಎರಡು ಬಗೆಯ ಜಾಲಗಳನ್ನು ಜೋಡಿಸಲು ಸೌದಿಯ ಅಲ್ ಫಾದಿಲಿಯಲ್ಲಿ ಪರಿವರ್ತಕ ಕೇಂದ್ರವನ್ನೇ ಕಟ್ಟಬೇಕಾಯಿತು. ಇಂಥ ಹಳೆಯ ಗಡಿಯಾರಗಳಲ್ಲಿ ಸ್ವಂತ ಲೋಲಕವಾಗಲಿ ಸ್ಫಟಿಕವಾಗಲಿ ಇರುವುದಿಲ್ಲ. ಸಾಕೆಟಿನಿಂದ ಬರುವ 60 ಆವರ್ತಗಳನ್ನು ಎಣಿಸಿ ಒಂದು ಸೆಕೆಂಡು ಎನ್ನುತ್ತವೆ. ದುಬೈಯಲ್ಲಿ 60 ಎಣಿಸುವಷ್ಟರಲ್ಲಿ 1.2 ಸೆಕೆಂಡು ಕಳೆದಿರುತ್ತದೆ. ಗಂಟೆಗೆ 10 ನಿಮಿಷ, ದಿನಕ್ಕೆ 4 ಗಂಟೆ ಹಿಂದೆ ಬೀಳುತ್ತಿದ್ದರೆ ಕಾರಣ ಇದೇ ಎಂದು ತಿಳಿಯಿರಿ.

ಇಂಥ ಗಡಿಯಾರಗಳಿಗೆ ಜಾಲದ ಸಣ್ಣ ತಪ್ಪೂ ಗೊತ್ತಾಗುತ್ತದೆ. 2018ರ ಆರಂಭದಲ್ಲಿ ಸರ್ಬಿಯಾ ಮತ್ತು ಕೊಸೊವೊ ನಡುವಿನ ತಕರಾರಿನಿಂದ ವಿದ್ಯುತ್ತಿನ ಕೊರತೆ ತುಂಬದೆ ಉಳಿದು, ಯುರೋಪಿನ ಜಾಲದ ಸರಾಸರಿ ಆವರ್ತನ 50ರಿಂದ 49.996ಕ್ಕೆ ಇಳಿಯಿತು. ವಾರಗಳು ಕಳೆದಂತೆ ಆ ಕೂದಲೆಳೆಯ ಅಂತರವೇ ಬೆಳೆದು, ಮಾರ್ಚಿನ ಹೊತ್ತಿಗೆ ಜಾಲವನ್ನು ನೆಚ್ಚಿದ ಒಲೆ ಮತ್ತು ರೇಡಿಯೊಗಳ ಗಡಿಯಾರಗಳು ಸುಮಾರು 6 ನಿಮಿಷ ಹಿಂದೆ ಬಿದ್ದಿದ್ದವು.

ನಿಮ್ಮ ರೇಡಿಯೊವನ್ನು ಎಸೆಯುವ ಮೊದಲು ಅದರ ಹಿಂಬದಿಯನ್ನೋ ಬ್ಯಾಟರಿ ಮುಚ್ಚಳದ ಒಳಗನ್ನೋ ನೋಡಿ. ಕೆಲವು ಮಾದರಿಗಳಲ್ಲಿ 50/60 ಎಂದು ಬರೆದ ಸಣ್ಣ ಸ್ವಿಚ್ಚು ಇರುತ್ತದೆ. ಅದನ್ನು 50ರ ಕಡೆಗೆ ಸರಿಸಿದರೆ ಗಡಿಯಾರ ಸರಿಹೋಗುತ್ತದೆ.